ನಾದಿನಿ ಖಾಕಿ ತೊಟ್ಟ ಮೇಲೆ

ನನ್ನ ನಾದಿನಿ ಪೊಲೀಸ್ ಆಗಬೇಕೆಂದು ಹಟ ಹಿಡಿದದ್ದು ಅವಳ ತಾಯಿಯ ಸರ ಹೋದ ದಿನ. ಬಾಗಲಗುಂಟೆಯ ನಮ್ಮ ಬೀದಿಯಲ್ಲೇ ಬೈಕಿನಲ್ಲಿ ಬಂದ ಇಬ್ಬರು ನಮ್ಮತ್ತೆಯ ಕತ್ತಿನಲ್ಲಿದ್ದುದನ್ನು ಕಿತ್ತುಕೊಂಡು ಹೋದರು. ದೂರು ಕೊಡಲು ಹೋದ ನಮ್ಮನ್ನು ಠಾಣೆಯಲ್ಲಿ ಮಧ್ಯಾಹ್ನವೆಲ್ಲ ನಿಲ್ಲಿಸಿಯೇ ಇಟ್ಟರು. ಕೊನೆಗೆ ಒಬ್ಬ ಮಹಿಳಾ ಪೇದೆ ಬಂದು ಅತ್ತೆಯನ್ನು ಕೂರಿಸಿ, ನೀರು ಕೊಟ್ಟು, ಕತ್ತಿನ ಗಾಯಕ್ಕೆ ತನ್ನ ಕರ್ಚೀಫು ಒತ್ತಿದಳು. ಸರ ಸಿಗಲಿಲ್ಲ. ಮನೆಗೆ ಬರುವಾಗ ಆಟೋದಲ್ಲಿ ನಾದಿನಿ, "ಅತ್ತಿಗೆ, ನಾನು ಆ ಮೇಡಂ ಥರ ಆಗ್ತೀನಿ" ಅಂದಳು.

ನನ್ನ ಗಂಡನ ಮನೆಯವರು ಆ ಊರಿನ ಹಳೇ ಒಕ್ಕಲು. ಅವರು ರಾಗಿ ಬೆಳೆಯುತ್ತಿದ್ದ ಜಾಗದಲ್ಲಿ ಈಗ ಪೀಣ್ಯದ ಶೆಡ್ಡುಗಳಿವೆ. ನಮಗೆ ಉಳಿದದ್ದು ಊರೊಳಗಿನ ಮನೆ ಮತ್ತು ಅದರ ಮೇಲೆ ಬಾಡಿಗೆಗೆ ಕೊಟ್ಟ ರೂಮುಗಳು. ನನ್ನ ಗಂಡ ಲೇತ್ ಕೆಲಸಕ್ಕೆ ಹೋಗುತ್ತಿದ್ದರು, ನಾನು ಗಾರ್ಮೆಂಟ್ಸಿಗೆ. ನಾದಿನಿ ಆಗಷ್ಟೇ ಡಿಗ್ರಿ ಮುಗಿಸಿದ್ದಳು.

ಅತ್ತೆಗೆ ಇದು ಸ್ವಲ್ಪವೂ ಇಷ್ಟವಿರಲಿಲ್ಲ. "ಎಣ್ಮಗಳ ಕೈಗೆ ಲಾಠಿ ಯಾಕವ್ವಾ? ಇಂಗಾದ್ರೆ ನಾಳೆ ಯಾವನು ಬಂದು ಕಟ್ಕೊಂಡಾನು?" ಎಂದು ಗೊಣಗುತ್ತಲೇ ಬೆಳಿಗ್ಗೆ ಹುರುಳಿಕಾಳು ಬೇಯಿಸಿ ಮಗಳ ಮುಂದೆ ಇಡುತ್ತಿದ್ದರು. ನಾನು ಕೆಲಸಕ್ಕೆ ಹೋಗುವ ಮುಂಚೆ ಅವಳ ಜೊತೆ ಮೈದಾನಕ್ಕೆ ಹೋಗಿ, ಫೋನಿನಲ್ಲಿ ಸಮಯ ನೋಡುತ್ತಾ ನಿಲ್ಲುತ್ತಿದ್ದೆ. ಅವಳು ಓಡುತ್ತಿದ್ದಳು. ಗುಂಡು ಎಸೆದು ಅಭ್ಯಾಸ ಮಾಡಲು ನನ್ನ ಗಂಡ ಕಾರ್ಖಾನೆಯಲ್ಲಿ ಮೂಲೆಗೆ ಬಿದ್ದಿದ್ದ ಕಬ್ಬಿಣವನ್ನು ಲೇತಿಗೆ ಹಾಕಿ, ಸರಿಯಾದ ತೂಕಕ್ಕೆ ಉಂಡೆ ಮಾಡಿ ತಂದುಕೊಟ್ಟರು. ಮೊದಲ ಸಲದ ನೇಮಕಾತಿಯಲ್ಲಿ ಉದ್ದ ಜಿಗಿತದಲ್ಲಿ ಫೇಲಾದಳು. ಎರಡು ದಿನ ಊಟ ಬಿಟ್ಟು ಮಲಗಿದ್ದವಳು ಮೂರನೇ ದಿನ ತಾನೇ ನನ್ನನ್ನು ಎಬ್ಬಿಸಿದಳು. ಮುಂದಿನ ನೇಮಕಾತಿಯಲ್ಲಿ ಆಯ್ಕೆಯಾದಳು. ಬೀದಿಯವರಿಗೆಲ್ಲ ಅತ್ತೆಯೇ ಮೈಸೂರುಪಾಕು ಹಂಚಿದರು.

ತರಬೇತಿಯ ನಡುವೆ ರಜೆಗೆ ಬಂದಾಗ ಅವಳು ಬೇರೆ ಯಾರೋ ಅನ್ನಿಸಿತು. ಮುಖ ಸುಟ್ಟು ಕಪ್ಪಾಗಿತ್ತು, ಬೆನ್ನು ನೆಟ್ಟಗಾಗಿತ್ತು. ಅಣ್ಣ ಕರೆದರೆ ಬಾಯಿತಪ್ಪಿ "ಸಾರ್" ಎನ್ನುತ್ತಿದ್ದಳು, ಎಲ್ಲರೂ ನಗುತ್ತಿದ್ದೆವು. ಬಟ್ಟೆ ಒಣಹಾಕುವ ಕೋಲು ತೆಗೆದುಕೊಂಡು ಅಂಗಳದಲ್ಲಿ ಲಾಠಿ ಹಿಡಿಯುವ ರೀತಿ ತೋರಿಸಿದಳು.

"ಸೊಂಟದ ಕೆಳಗೆ ಅಷ್ಟೇ ಅತ್ತಿಗೆ. ತಲೆಗೆ, ಎದೆಗೆ ಮುಟ್ಟಂಗಿಲ್ಲ. ಮೊದ್ಲು ಮಾತು, ಆಮೇಲೆ ಎಚ್ಚರಿಕೆ, ಕೊನೇಗೆ ಲಾಠಿ. ಅದೂ ಎಷ್ಟು ಬೇಕೋ ಅಷ್ಟೇ."

"ಎಷ್ಟು ಬೇಕು ಅಂತ ಯಾರು ಹೇಳ್ತಾರೆ?"

"ಮೇಲಿನೋರು ಹೇಳ್ತಾರೆ" ಅಂದು ನಕ್ಕಳು.

ಅವಳು ಕೆಲಸಕ್ಕೆ ಸೇರಿದ ಮರುವರ್ಷ ನಮ್ಮ ಕಾರ್ಖಾನೆಯ ಗೇಟಿನ ಮುಂದೆ ಲಾರಿಯೊಂದು ಹೆಲ್ಪರ್ ಹುಡುಗಿಯೊಬ್ಬಳ ಮೇಲೆ ಹರಿಯಿತು. ಬೆಳಗಿನ ಪಾಳಿಗೆ ಓಡಿ ಬರುತ್ತಿದ್ದವಳು. ಗೇಟು ಮುಚ್ಚಿದರೆ ಅರ್ಧ ದಿನದ ಹಾಜರಿ ಹೋಗುತ್ತದೆಂದು ನಾವೆಲ್ಲ ಹಾಗೆಯೇ ಓಡಿ ರಸ್ತೆ ದಾಟುತ್ತಿದ್ದೆವು. ಅಲ್ಲಿ ಸಿಗ್ನಲ್ ಇರಲಿಲ್ಲ, ಹಂಪ್ ಕೂಡ ಇರಲಿಲ್ಲ. ಹುಡುಗಿ ಆಸ್ಪತ್ರೆ ಮುಟ್ಟುವ ಮೊದಲೇ ತೀರಿಕೊಂಡಳೆಂಬ ಸುದ್ದಿ ಬಂದಾಗ ಯಾರೂ ಮೆಷೀನಿನ ಮುಂದೆ ಕೂರಲಿಲ್ಲ. ಒಬ್ಬರ ಹಿಂದೆ ಒಬ್ಬರು ಹೊರಗೆ ಬಂದು ರಸ್ತೆಯ ಮೇಲೆ ಕೂತುಬಿಟ್ಟೆವು. ಅಕ್ಕಪಕ್ಕದ ಕಾರ್ಖಾನೆಗಳ ಹೆಂಗಸರೂ ಬಂದು ಸೇರಿದರು.

ನನ್ನ ಪಕ್ಕದಲ್ಲಿ ಕೂತಿದ್ದ ಗೆಳತಿ ಲೈನಿನಲ್ಲೂ ನನ್ನ ಪಕ್ಕದ ಮೆಷೀನಿನವಳು. ಕುಣಿಗಲ್ ಕಡೆಯವಳು, ಗಂಡ ಇಲ್ಲ, ಒಬ್ಬಳು ಮಗಳು. ನಮ್ಮ ಲೈನಿಗೆ ಕಾಲರ್ ಕೂರಿಸುತ್ತಿದ್ದವಳು ಅವಳೇ. ಊಟದ ಹೊತ್ತಿನಲ್ಲಿ ನಾವಿಬ್ಬರೂ ಡಬ್ಬಿ ಬದಲಾಯಿಸಿಕೊಳ್ಳುತ್ತಿದ್ದೆವು.

ಮಧ್ಯಾಹ್ನದ ಹೊತ್ತಿಗೆ ಎರಡೂ ಕಡೆ ಲಾರಿ, ಬಸ್ಸುಗಳು ಕಣ್ಣು ಹಾಯುವಷ್ಟು ದೂರ ನಿಂತಿದ್ದವು. ಪೊಲೀಸರು ಬಂದರು. ತಲೆಯ ಮೇಲೆ ಡ್ರೋನೊಂದು ಜೇನುಹುಳದ ಹಾಗೆ ಸದ್ದು ಮಾಡುತ್ತಾ ತಿರುಗುತ್ತಿತ್ತು. ಇನ್ಸ್‌ಪೆಕ್ಟರ್ ಮೈಕ್ ಹಿಡಿದು, "ಅಕ್ಕಂದಿರಾ, ಅಮ್ಮಂದಿರಾ, ನಿಮ್ ನೋವು ಅರ್ಥ ಆಗುತ್ತೆ, ಎದ್ದೇಳಿ" ಎಂದು ಮರ್ಯಾದೆಯಿಂದಲೇ ಹೇಳಿದರು. ದೊಡ್ಡ ಅಧಿಕಾರಿ ಬಂದು ಮಾತು ಕೊಡಲಿ, ಏಳುತ್ತೇವೆ ಎಂದು ಮುಂದಿದ್ದವರು ಹೇಳಿದರು. ಯಾರೂ ಬರಲಿಲ್ಲ. ಅಷ್ಟರಲ್ಲಿ ಹಿಂದಿನಿಂದ ಎಲ್ಲಿಂದಲೋ ಒಂದು ಕಲ್ಲು ಬಂದು ಬಸ್ಸಿನ ಗಾಜು ಒಡೆಯಿತು. ಅದನ್ನು ಎಸೆದವರು ಯಾರೆಂದು ನಮಗೆ ಇವತ್ತಿಗೂ ಗೊತ್ತಿಲ್ಲ. ಸೀಟಿ ಕೂಗಿತು.

ಹೆಲ್ಮೆಟ್ ಹಾಕಿಕೊಂಡ ಮಹಿಳಾ ಪೇದೆಗಳ ಸಾಲು ನಮ್ಮ ಕಡೆ ಬಂತು. ಆ ಸಾಲಿನಲ್ಲಿ ನಾದಿನಿಯಿದ್ದಳು. ಎಡ ಭುಜ ಸ್ವಲ್ಪ ತಗ್ಗಿಸಿ ನಡೆಯುವುದು ಅವಳ ಅಭ್ಯಾಸ, ಮುಖ ಕಾಣದಿದ್ದರೂ ಗುರುತು ಹಿಡಿದೆ. ನನ್ನ ಭಯ ಹೋಯಿತು. ಅವಳಿದ್ದಾಳಲ್ಲ ಅಂದುಕೊಂಡೆ. ಗೆಳತಿಗೂ ಅದನ್ನೇ ಹೇಳಬೇಕೆಂದು ತಿರುಗಿದೆ. ಅವಳು ಎರಡೂ ಕೈ ತಲೆಯ ಮೇಲೆತ್ತಿ ಮುಗಿದುಕೊಂಡು, "ಬ್ಯಾಡ್ರವ್ವಾ" ಎನ್ನುತ್ತಿದ್ದಳು. ಲಾಠಿ ಅವಳ ಮೊಣಕೈಗೆ ಬಿತ್ತು. ಒಣಕಟ್ಟಿಗೆ ಮುರಿದಂಥ ಸದ್ದು. ಹೊಡೆದವಳು ನನ್ನ ನಾದಿನಿ.

ನಾನು ಅವಳ ಹೆಸರು ಹಿಡಿದು ಕೂಗಿದೆ. ತಿರುಗಿ ನೋಡಿದಳು. ಗುರುತು ಸಿಕ್ಕಿತೆಂದು ನನಗೆ ಗೊತ್ತಾಯಿತು, ಯಾಕೆಂದರೆ ಒಂದು ಕ್ಷಣ ನಿಂತಳು. ಹಿಂದಿನಿಂದ ಯಾರೋ "ಮುಂದಕ್ಕೆ, ಮುಂದಕ್ಕೆ" ಎಂದು ಕೂಗಿದರು. ಅವಳು ಮುಂದಕ್ಕೆ ಹೋದಳು.

ಮಾರನೇ ದಿನ ನಾದಿನಿ ಡ್ಯೂಟಿ ಮುಗಿಸಿ ಮನೆಗೆ ಬಂದಾಗ ನಾನು ಆಗಷ್ಟೇ ಗೆಳತಿಯನ್ನು ನೋಡಿಕೊಂಡು ಆಸ್ಪತ್ರೆಯಿಂದ ಬಂದಿದ್ದೆ. ಅತ್ತೆ ಮಗಳಿಗೆ ಮುದ್ದೆ ಬಡಿಸಿದರು. ಅವಳು ಮುರಿಯಲೂ ಇಲ್ಲ.

"ಹೇಳ್ಕೊಟ್ಟಿದ್ದು ಸೊಂಟದ ಕೆಳಗೆ ಅಂತ ಅಲ್ವೇನೇ?" ಎಂದು ಕೇಳಿದೆ.

"ನಿಂತಿರೋರಿಗೆ ಅತ್ತಿಗೆ ಅದು." ತಟ್ಟೆಯಿಂದ ಕಣ್ಣೆತ್ತಲಿಲ್ಲ. "ಕೂತಿರೋರಿಗೆ ಹೆಂಗೆ ಅಂತ ಯಾರೂ ಹೇಳ್ಕೊಟ್ಟಿರ್ಲಿಲ್ಲ."

"ಕೂತಿರೋರ್ನ ಹೊಡೀಬಾರ್ದು ಅಂತ ಹೇಳ್ಕೊಡಬೇಕಾಗಿತ್ತಾ?"

ಅತ್ತೆ ನಡುವೆ ಬಂದು, "ಸಾಕು ಬುಡು, ಅವ್ಳ್ ತಾನೇ ಏನ್ ಮಾಡಾಳು, ಕೆಲ್ಸ ಅಂದ್ಮೇಲೆ ಅಂಗೇ" ಅಂದರು. ನಾದಿನಿ ತಟ್ಟೆ ಸರಿಸಿ ಎದ್ದಳು. "ಅಮ್ಮಾ, ನೀನು ನನ್ನ ಪರ ಮಾತಾಡ್ಬೇಡ" ಅಂದು ಬಚ್ಚಲಿಗೆ ಹೋಗಿ ಬಾಗಿಲು ಹಾಕಿಕೊಂಡಳು. ನಲ್ಲಿ ಬಹಳ ಹೊತ್ತು ಸುರಿಯುತ್ತಿತ್ತು.

ಗೆಳತಿಯ ಮೊಣಕೈಗೆ ಆಪರೇಷನ್ ಆಯಿತು. ಹೊಡೆದವಳು ಯಾರೆಂದು ಅವಳಿಗೆ ಹೇಳದೆ ಇರಲು ನನ್ನಿಂದಾಗದು ಎಂದು ನಾದಿನಿಗೆ ಹೇಳಿದೆ. ನಾನು ಗೆಳತಿಯ ಮನೆಗೆ ಹೊರಡುವಾಗ ಅವಳೇ ಚಪ್ಪಲಿ ಮೆಟ್ಟಿಕೊಂಡು, "ನೀವು ಹೇಳ್ಬೇಡಿ, ನಾನೇ ಬಂದು ಹೇಳ್ತೀನಿ" ಅಂದಳು. ಅವತ್ತು ಅವಳ ವಾರದ ರಜೆ. ಮಾಮೂಲಿ ಚೂಡಿದಾರ ಹಾಕಿದ್ದಳು.

ಗೆಳತಿಯದು ಒಂದೇ ಕೋಣೆಯ ಮನೆ. ಮಂಚದ ಮೇಲೆ ಕೈ ತೂಗುಹಾಕಿಕೊಂಡು ಕೂತಿದ್ದಳು. ನಾದಿನಿಯನ್ನು ನೋಡಿ, "ಇವ್ರೇ ಅಲ್ವಾ ಅಕ್ಕಾ ನಿಮ್ ಪೊಲೀಸ್ ನಾದ್ನಿ? ಬನ್ನಿ ಮೇಡಂ" ಎಂದು ಪ್ಲಾಸ್ಟಿಕ್ ಕುರ್ಚಿಯನ್ನು ಕಾಲಿನಿಂದಲೇ ಮುಂದಕ್ಕೆ ಸರಿಸಿದಳು. ನಾದಿನಿ ಕೂರಲಿಲ್ಲ.

"ಅಕ್ಕಾ, ಹೊಡ್ದಿದ್ದು ನಾನೇ."

ಗೆಳತಿ ನನ್ನ ಕಡೆ ನೋಡಿದಳು. ನಾನು ಹೌದೆಂದು ತಲೆ ಆಡಿಸಿದೆ.

"ನಾನು ಕೈ ಮುಗ್ದಿದ್ನಲ್ಲಾ" ಅಂದಳು ಗೆಳತಿ. "ಅದು ಕಾಣಿಸ್ಲಿಲ್ವಾ ನಿಂಗೆ?"

"ಕಾಣಿಸ್ತು." ನಾದಿನಿ ಅಂದಳು. "ಕೈ ಮುಗ್ದಿದ್ದು ಕಾಣಿಸ್ತು ಅಕ್ಕಾ. ಲಾಠಿ ಆಗ್ಲೇ ಎತ್ತಿಬಿಟ್ಟಿದ್ದೆ."

ಹೊರಗೆ ಯಾರೋ ಕುಕ್ಕರ್ ಇಟ್ಟಿದ್ದರು, ಅದು ಕೂಗಿ ನಿಂತಿತು. ನಾದಿನಿಯೇ ಮತ್ತೆ ಮಾತಾಡಿದಳು. "ನೀವು ಕಂಪ್ಲೇಂಟ್ ಕೊಡಿ. ವಿಚಾರಣೆ ಆದ್ರೆ ನಾನು ಹೌದು ಅಂತೀನಿ. ದೇವ್ರಾಣೆಗೂ ಸುಳ್ಳು ಹೇಳಲ್ಲ."

"ಎಲ್ಲಿ ಕೊಡ್ಲವ್ವಾ? ನಿಮ್ ಸ್ಟೇಷನ್ನಿಗೇ ಬಂದು ಕೊಡ್ಲಾ?"

ನಾದಿನಿ ಮೇಲಿನ ಕಚೇರಿ, ಮಹಿಳಾ ಆಯೋಗ ಎಂದೆಲ್ಲ ಏನೋ ಹೇಳಲು ಹೊರಟಳು. ಗೆಳತಿ ತಡೆದಳು. "ಬಿಡು. ಬಸ್ಸಿನ್ ಗಾಜಿಗೆ ನಮ್ಮಲ್ಲಿ ಎಷ್ಟೋ ಜನದ ಮೇಲೆ ಕೇಸ್ ಹಾಕಿದಾರೆ. ನನ್ ಹೆಸ್ರು ಅದ್ರಲ್ಲಿ ಸೇರೋದು ಬೇಡ. ನನ್ ಮಗಳು ಸ್ಕೂಲಿಂದ ಬರೋ ಹೊತ್ತಾಯ್ತು, ನೀನು ಹೊರಡು. ನಿನ್ ಮುಖ ಅವಳು ನೋಡೋದು ನಂಗಿಷ್ಟ ಇಲ್ಲ."

ಗೆಳತಿ ಬೈಯಲಿಲ್ಲ, ಅಳಲಿಲ್ಲ. ಅದನ್ನು ತಡೆದುಕೊಳ್ಳುವುದು ನಾದಿನಿಗೆ ಕಷ್ಟವಾಯಿತೆಂದು ಕಾಣುತ್ತದೆ. ದಾರಿಯುದ್ದಕ್ಕೂ ನನಗಿಂತ ಹತ್ತು ಹೆಜ್ಜೆ ಮುಂದೆಯೇ ನಡೆದಳು.

ಗೆಳತಿಯ ಕೈ ಪೂರ್ತಿ ನೆಟ್ಟಗಾಗಲಿಲ್ಲ. ಮೆಷೀನಿನ ಮೇಲೆ ಬಟ್ಟೆ ತಿರುಗಿಸುವಾಗ ಮೊಣಕೈ ಸಿಕ್ಕಿಹಾಕಿಕೊಂಡಂತಾಗುತ್ತಿತ್ತು. ಸೂಪರ್‌ವೈಸರ್ ಅವಳನ್ನು ದಾರ ಕತ್ತರಿಸುವ ಕೆಲಸಕ್ಕೆ ಹಾಕಿದ. ಅಲ್ಲಿ ಹೊಸಬರಾದ ಚಿಕ್ಕ ಹುಡುಗಿಯರ ನಡುವೆ ನಿಂತು ಕೆಲವು ತಿಂಗಳು ಮಾಡಿದಳು. ನಂತರ ಮಗಳನ್ನು ಕರೆದುಕೊಂಡು ಅಕ್ಕನ ಊರಿಗೆ ಹೊರಟುಹೋದಳು. ಗೇಟಿನ ಮುಂದೆ ಹಂಪ್ ಹಾಕಿದ್ದು ಅವಳು ಹೋದ ಮೇಲೆ.

ನಾದಿನಿ ಕೇಳಿಕೊಂಡು ಬಂದೋಬಸ್ತಿನ ಕೆಲಸದಿಂದ ಕಂಟ್ರೋಲ್ ರೂಮಿಗೆ ಹೋದಳು. ಈಗ ಕಿವಿಗೆ ಹೆಡ್‌ಫೋನ್ ಹಾಕಿಕೊಂಡು, ಪರದೆಯ ಮೇಲೆ ನಗರದ ನಕ್ಷೆ ನೋಡುತ್ತಾ, ಕಷ್ಟದಲ್ಲಿರುವ ಹೆಂಗಸರು ಫೋನು ಮಾಡಿದರೆ ಹತ್ತಿರದ ಗಸ್ತು ವಾಹನವನ್ನು ಕಳಿಸುತ್ತಾಳೆ. ಆ ಕೆಲಸವನ್ನು ಚೆನ್ನಾಗಿಯೇ ಮಾಡುತ್ತಾಳಂತೆ. ಹೊಡೆದ ಗಂಡನನ್ನು ಬಾಗಿಲಾಚೆ ಇಟ್ಟುಕೊಂಡು ಪಿಸುಗುಡುವವರ ಜೊತೆ, ಗಾಡಿ ಬರುವವರೆಗೂ ಫೋನು ಇಡದೆ ಮಾತಾಡುತ್ತಾಳಂತೆ. ಅವಳ ಜೊತೆಯವಳೊಬ್ಬಳು ನನಗೆ ಹೇಳಿದ್ದು. ನಾದಿನಿ ತಾನಾಗಿ ಏನೂ ಹೇಳುವುದಿಲ್ಲ. ಮದುವೆಯ ಮಾತು ತೆಗೆದರೆ ಎದ್ದು ಹೋಗುತ್ತಾಳೆ.

ಗೆಳತಿಯೊಂದಿಗೆ ನಾನು ಹಬ್ಬಕ್ಕೊಮ್ಮೆ ಫೋನಿನಲ್ಲಿ ಮಾತಾಡುತ್ತೇನೆ. ಮಗಳ ಓದು, ಅಕ್ಕನ ಮನೆಯ ಹಸು, ಚಳಿಗೆ ಕೈ ನೋಯುವುದು, ಎಲ್ಲವನ್ನೂ ಹೇಳುತ್ತಾಳೆ. ನಾದಿನಿಯ ವಿಷಯ ಒಮ್ಮೆಯೂ ಕೇಳಿಲ್ಲ. ನಾದಿನಿ ಮಾತ್ರ ನಾನು ಫೋನು ಇಡುವವರೆಗೂ ಅಡುಗೆಮನೆಯ ಬಾಗಿಲಲ್ಲಿ ನಿಂತಿರುತ್ತಾಳೆ.

"ಹೆಂಗಿದಾರಂತೆ?"

"ಹಂಗೇ ಇದಾಳೆ" ಎನ್ನುತ್ತೇನೆ. ಅವಳು ತಲೆಯಾಡಿಸಿ ಡ್ಯೂಟಿಗೆ ಹೊರಡುತ್ತಾಳೆ.