ಹಳೆಯ ಲಿಂಕ್, ಒಲೆಯ ಮೇಲಿನ ಅಣಬೆ

ಎರಡು ವರ್ಷದ ಹಿಂದಿನ ಆಷಾಢ. ತೀರ್ಥಹಳ್ಳಿಯ ಗೆಳತಿ ವೀಣಾ ಮತ್ತು ನಾನು ಸೇರಿ ನಡೆಸುವ ಅಡುಗೆಯ ವೆಬ್‌ಸೈಟನ್ನು ಹೊಸ ವಿಳಾಸಕ್ಕೆ ಸಾಗಿಸಿ ವಾರವಾಗಿತ್ತಷ್ಟೆ. ವರ್ಷಗಟ್ಟಲೆ ಬರೆದ ನೂರಾರು ಪುಟಗಳು. ಹಳೆಯ ಲಿಂಕ್ ಒತ್ತಿದವರು ತಾನಾಗಿ ಹೊಸ ಪುಟಕ್ಕೆ ಹೋಗುವಂತೆ ತಿರುಗಿಸುವ ಕೆಲಸ ವೀಣಾಳದು. "ಎಲ್ಲ ತಿರುಗ್ಸಾಯ್ತು ಕಣೆ, ಇನ್ನು ನಿದ್ದೆ ಮಾಡ್ತೀನಿ" ಎಂದಿದ್ದಳು.

ಆ ದಿನ ಸಾಗರದ ನಮ್ಮ ಮನೆಯಲ್ಲಿ ಚಪಾತಿ ಹಿಟ್ಟು ಕಲಸುತ್ತಿದ್ದೆ. ಹೊಸನಗರದ ಸುಮಾ ಎಂಬ ಹೆಣ್ಣುಮಗಳು ವಾಟ್ಸಾಪಿನಲ್ಲಿ ಅಣಬೆಯ ಫೋಟೊ ಕಳಿಸಿದಳು. ನಮ್ಮ ಸೈಟ್ ಓದುವವಳು, ಮುಖ ನೋಡಿದ್ದಿಲ್ಲ. "ಅಕ್ಕಾ, ಹಿತ್ಲಲ್ಲಿ ಎದ್ದಿತ್ತು. ತಿನ್ಬೋದಾ?"

ಫೋಟೊ ದೊಡ್ಡದು ಮಾಡಿ ನೋಡಿದೆ. ಕಾಂಡಕ್ಕೆ ಉಂಗುರ, ಬುಡದಲ್ಲಿ ಚೀಲದಂಥ ಉಬ್ಬು. 'ತಿನ್ನಬಾರದ ಅಣಬೆಗಳು' ಎಂಬ ನಮ್ಮ ಪುಟದಲ್ಲಿದ್ದ ಚಿತ್ರದ ಹಾಗೇ ಇತ್ತು. ಕೈಯೆಲ್ಲ ಹಿಟ್ಟು. ಫೋನಿನಲ್ಲಿ ಮೊದಲೇ ಉಳಿಸಿಕೊಂಡಿದ್ದ ಆ ಪುಟದ ಹಳೆಯ ಲಿಂಕ್ ಕಳಿಸಿ, "ಇದೇ ನೋಡಿ" ಎಂದಷ್ಟೇ ಬರೆದೆ.

ಸ್ವಲ್ಪ ಹೊತ್ತಿಗೆ ಉತ್ತರ ಬಂತು. "ಥ್ಯಾಂಕ್ಸ್ ಅಕ್ಕಾ, ಈಗ್ಲೇ ಒಲೆ ಮೇಲಿಟ್ಟೆ. ಬೆಳ್ಳುಳ್ಳಿ ಜಾಸ್ತಿಯಾದ್ರೆ ರುಚಿ ಕೆಡುತ್ತಾ?"

ಎಚ್ಚರಿಕೆಯ ಪುಟದಲ್ಲಿ ಬೆಳ್ಳುಳ್ಳಿ ಎಲ್ಲಿಂದ ಬಂತು? ಗಾಬರಿಯಲ್ಲಿ ನಾನೇ ಆ ಲಿಂಕ್ ಒತ್ತಿದೆ. ತೆರೆದುಕೊಂಡದ್ದು ಅಣಬೆ ಸಾರು ಮಾಡುವ ವಿಧಾನ!

"ತಿನ್ನಬೇಡಿ" ಎಂದು ಬರೆದೆ. ಅವಳು ನೋಡಲಿಲ್ಲ. ಫೋನ್ ಮಾಡಿದೆ. ರಿಂಗ್ ಆಗುತ್ತಲೇ ಇತ್ತು, ಎತ್ತುವವರಿಲ್ಲ. ಮತ್ತೆ ಮತ್ತೆ ಮಾಡಿದೆ. ಊರು ಹೊಸನಗರ ಎಂಬುದು ಬಿಟ್ಟರೆ ಅವಳ ಬಗ್ಗೆ ನನಗೇನೂ ಗೊತ್ತಿರಲಿಲ್ಲ. ಮತ್ತೆ ಫೋಟೊ ತೆಗೆದೆ. ಅಣಬೆಗಳನ್ನು ಹರಡಿದ್ದು ಹೊಸನಗರದ್ದೇ ಒಂದು ಬಟ್ಟೆ ಅಂಗಡಿಯ ಕೈಚೀಲದ ಮೇಲೆ. ಮಡಿಕೆಯಲ್ಲಿ ಅಂಗಡಿಯ ನಂಬರ್ ಕಾಣುತ್ತಿತ್ತು.

ಅಂಗಡಿಯವರು ಎತ್ತಿದರು. ಒಂದೇ ಉಸಿರಿನಲ್ಲಿ ಹೇಳಿದೆ.

"ಯಾವ ಸುಮಾ ಅಮ್ಮಾ? ನಮ್ಗೆ ಬ್ಲೌಸ್ ಹೊಲ್ದು ಕೊಡೋ ಸುಮಾನಾ?"

"ಗೊತ್ತಿಲ್ಲ ಅಣ್ಣಾ. ಮನೆಯವರೆಲ್ಲ ಉಣ್ಣೋಕೆ ಕೂತಿರ್ತಾರೆ, ದಯವಿಟ್ಟು..."

"ಫೋನಿಡಿ. ಬೈಕ್ ಇದೆ, ನಾನೇ ಹೋಗ್ತೀನಿ."

ಕಾಯುತ್ತಾ ವೀಣಾಳಿಗೆ ಮಾಡಿದೆ. "ಏನೇ ಮಾಡಿದ್ದೀಯಾ? ತಿನ್ನಬಾರದ ಅಣಬೆ ಒತ್ತಿದ್ರೆ ಸಾರು ಬರ್ತಿದೆ!"

ಅವಳ ದನಿ ಇಳಿದುಹೋಯಿತು. "ಅಯ್ಯೋ... ಅಣಬೆ ಅಂತಿದ್ದ ಹಳೇ ಪುಟ ಎಲ್ಲಾನೂ ಒಟ್ಟಿಗೆ ಅಲ್ಲಿಗೇ ತಿರುಗಿಸಿಬಿಟ್ಟೆ ಕಣೆ. ಈಗ್ಲೇ ಸರಿಮಾಡ್ತೀನಿ."

ಅಂಗಡಿಯವರು ಹೇಳಿದ ಸುಮಾ ಬೇರೆ ಯಾರೋ ಆಗಿದ್ದರೆ? ಕಾನ್ವೆಂಟಿನಲ್ಲಿ ಕಲಿತ ಪ್ರಾರ್ಥನೆ ತಾನಾಗಿ ಬಾಯಿಗೆ ಬಂತು. ಬೆರಳ ಸಂದಿಯ ಹಿಟ್ಟು ಒಣಗಿ ಬಿರುಕು ಬಿಟ್ಟಿತ್ತು.

ಕೊನೆಗೂ ಅಂಗಡಿಯವರ ಫೋನ್ ಬಂತು. "ಅಮ್ಮಾ, ಅವ್ಳೇ. ಸಾರು ಬಡಿಸಿ ಆಗಿತ್ತು. ಅತ್ತೆಯವ್ರು ತುತ್ತು ಕಲಸಿದ್ರು. ಕೈ ಹಿಡ್ಕೊಂಡೆ. ಯಾರೂ ತಿಂದಿಲ್ಲ."

ಹಿಂದಿನಿಂದ ಆ ಅಜ್ಜಿಯ, ಸುಮಾಳ ಅತ್ತೆಯ, ಜೋರು ದನಿ ಕೇಳಿಸುತ್ತಿತ್ತು. "ವಿಷ ಇದ್ರೆ ಬೆಳ್ಳುಳ್ಳಿ ಕಪ್ಪಾಗ್ತಿತ್ತು, ಆಗಿಲ್ಲ. ವಿಷ ಎಂತದು? ನಾನೆಷ್ಟು ಅಣಬೆ ತಿಂದಿಲ್ಲ!"

"ಅಜ್ಜೀ, ಬೆಳ್ಳುಳ್ಳಿ ನೋಡಿ ಹೇಳೋಕಾಗಲ್ಲ. ಚೆಲ್ಲಿಬಿಡಿ" ಎನ್ನುವಷ್ಟರಲ್ಲಿ ಅಳು ಬಂತು. ಸುಮಾ ಫೋನ್ ತೆಗೆದುಕೊಂಡಳು. ಅವಳೂ ಅಳುತ್ತಿದ್ದಳು. ಅವಳ ಫೋನು ಒಳಕೋಣೆಯಲ್ಲಿ ಚಾರ್ಜಿಗಿತ್ತಂತೆ.

ಆಮೇಲೆ ವೀಣಾ ಅಲ್ಲಿಂದ, ನಾನು ಇಲ್ಲಿಂದ, ಹಳೆಯ ವಿಳಾಸಗಳನ್ನು ಒಂದೊಂದಾಗಿ ಒತ್ತಿ ನೋಡಿದೆವು. ಎಲ್ಲ ಮುಗಿಯುವಾಗ ಶ್ರಾವಣ ಬಂದಿತ್ತು.

ಸುಮಾ ಈಗಲೂ ಮಾತಾಡುತ್ತಾಳೆ. ತಿನ್ನಬೇಡಿ ಎಂದು ಸಾರು ತಪ್ಪಿಸಿದ್ದಕ್ಕೆ ಅವಳ ಅತ್ತೆ ನನಗೆ 'ಬೇಡಮ್ಮ' ಎಂದು ಹೆಸರಿಟ್ಟಿದ್ದಾರಂತೆ. ಕರೆಯಲಿ, ಕರೆಯಲು ಅವರು ಇದ್ದಾರಲ್ಲ. ಯಾರಿಗೇ ಲಿಂಕ್ ಕಳಿಸಬೇಕಾದರೂ ಈಗ ಮೊದಲು ನಾನು ಒತ್ತಿ ನೋಡುತ್ತೇನೆ, ಹೇಳಬೇಕಾದ್ದನ್ನು ನನ್ನ ಮಾತಿನಲ್ಲೇ ಬರೆಯುತ್ತೇನೆ. ಆದರೂ ಪಕ್ಕದ ಮನೆಯಿಂದ ಬೆಳ್ಳುಳ್ಳಿ ಒಗ್ಗರಣೆಯ ವಾಸನೆ ಬಂದರೆ, ಇವತ್ತಿಗೂ ಕೈ ಫೋನಿನ ಕಡೆ ಹೋಗುತ್ತದೆ.