ಗುಣವತಿಯ ನೂರ ನಲವತ್ತನಾಲ್ಕು ಚದರಡಿ

ಗುಣವತಿಯ ಬಗ್ಗೆ ನಾನು ಬರೆಯಬಾರದು. ನಾಲ್ಕು ವರ್ಷ ಅವಳನ್ನು ಕಂಡು ಹೊಟ್ಟೆ ಉರಿದುಕೊಂಡವಳು ನಾನು. ಆದರೆ ನಮ್ಮ ಸಾಲಿನಲ್ಲಿ ಅವಳನ್ನು ನನ್ನಷ್ಟು ದಿಟ್ಟಿಸಿ ನೋಡಿದವರು ಬೇರೆ ಯಾರೂ ಇರಲಿಲ್ಲ. ಹೊಟ್ಟೆಕಿಚ್ಚಿನವರ ಕಣ್ಣು ಬಲು ಚುರುಕು. ಹಾಗಾಗಿ ಬರೆಯುತ್ತೇನೆ.

ಎಂಬತ್ತರ ದಶಕದ ಮಾತು. ಹೈದರಾಬಾದಿನ ಮಿಯಾಪುರದಾಚೆ ಕೇಂದ್ರ ಸರಕಾರದ ಕಾರ್ಖಾನೆಯೊಂದರ ಕ್ವಾರ್ಟರ್ಸಿನಲ್ಲಿ ನಮ್ಮ ಮನೆ. ನನ್ನ ಗಂಡ ವೈಜನಾಥ ಸ್ಟೋರ್ಸಿನಲ್ಲಿ ಗುಮಾಸ್ತ. ನಾವು ಬಸವಕಲ್ಯಾಣದ ಕಡೆಯವರು, ನನ್ನ ಓದು ಏಳನೆಯ ಇಯತ್ತೆಗೇ ಮುಗಿದಿತ್ತು. ಸಾಲಿನ ಕೊನೆಯ ಮನೆ ಗುಣವತಿಯದು. ತುಮಕೂರಿನವಳು. ಅವಳ ಗಂಡ ಸೋಮಣ್ಣ ಲೇತ್ ಯಂತ್ರದ ಮೇಲೆ ಕೆಲಸ ಮಾಡುತ್ತಿದ್ದ. ಅವಳು ‘ಬಂದಿದ್ದಾರೆ’, ‘ಹೋಗಿದ್ದಾರೆ’ ಎಂದು ಪುಸ್ತಕ ಓದಿದ ಹಾಗೆ ಮಾತಾಡಿದರೆ ನನ್ನ ಗಂಡ ಪೇಪರು ಕೆಳಗಿಟ್ಟು ಕೇಳುತ್ತಿದ್ದ. ನಾನು ಮಾತಾಡುವಾಗ ಆ ಪೇಪರು ಎಂದೂ ಕೆಳಗಿಳಿದದ್ದಿಲ್ಲ.

ಅವಳ ತಂದೆ ಶಾಲಾ ಮಾಸ್ತರರಂತೆ. ಪಿಯುಸಿಯಲ್ಲಿ ಗಣಿತಕ್ಕೆ ನೂರಕ್ಕೆ ತೊಂಬತ್ತಾರು ಬಂದಿತ್ತಂತೆ. ತಾನೂ ಟೀಚರಾಗಬೇಕು ಅನ್ನುವಷ್ಟರಲ್ಲಿ ಮದುವೆ ಮಾಡಿ ಹೈದರಾಬಾದಿಗೆ ಕಳಿಸಿದರು. ಬಂದು ಎಂಟು ವರ್ಷವಾದರೂ ಮಕ್ಕಳಿರಲಿಲ್ಲ. ದೇವರು ಒಂದರಲ್ಲಾದರೂ ನನ್ನ ಕಡೆಗೆ ಹೆಚ್ಚಿಗೆ ತೂಗಿದ ಎಂದು ಒಳಗೊಳಗೇ ನನಗೆ ಸಮಾಧಾನವಾಗುತ್ತಿತ್ತು. ಹೇಳಲು ನಾಚಿಕೆಯಾಗುತ್ತದೆ, ಆದರೆ ಆಗುತ್ತಿದ್ದದ್ದು ನಿಜ.

ಸಂಜೆಯಾದರೆ ಸಾಲಿನ ಮಕ್ಕಳೆಲ್ಲ ಗಣಿತಕ್ಕೆ ಅವಳ ಮನೆಗೆ ಓಡುತ್ತಿದ್ದರು. ಒಂದು ಪೈಸೆ ಮುಟ್ಟುತ್ತಿರಲಿಲ್ಲ. ಕುಕ್ಕರಿನ ಮೂರನೇ ಸೀಟಿಗೆ ಒಳಗೆದ್ದು ಹೋಗುವಳು, ಮರುಗಳಿಗೆ ಸೆರಗಿಗೆ ಕೈಯೊರೆಸುತ್ತ ಅದೇ ಲೆಕ್ಕಕ್ಕೆ ವಾಪಸು ಬರುವಳು. ಮಕ್ಕಳಿಲ್ಲದವಳು ಪಾಪ, ಹೊತ್ತು ಹೋಗಬೇಕಲ್ಲ ಎಂದು ನಾವು ಹೆಂಗಸರು ಮಾತಾಡಿಕೊಳ್ಳುತ್ತಿದ್ದೆವು. ಪಾಠ ಹೇಳುವಾಗ ಅವಳ ಮುಖ ಹೊಳೆಯುತ್ತಿದ್ದದ್ದನ್ನು ಕಂಡೂ ಕಾಣದವರ ಹಾಗೆ ಇರುತ್ತಿದ್ದೆವು.

ನನ್ನ ಮಗಳು ಶಿವದೇವಿಯನ್ನು ಮಾತ್ರ ನಾನು ಕಳಿಸಿರಲಿಲ್ಲ. ಐದನೇ ಕ್ಲಾಸಿನ ಲೆಕ್ಕ, ನಾನೇ ಹೇಳಿಕೊಡುತ್ತೇನೆ ಎಂಬ ಹಟ. ಕ್ಷೇತ್ರಫಲದ ಪಾಠ ಬಂತು. ಇಪ್ಪತ್ತು ಅಡಿ ಉದ್ದ, ಹತ್ತು ಅಡಿ ಅಗಲದ ಒಂದು ಆಯತ. ನಾಲ್ಕೂ ಬದಿ ಕೂಡಿಸು, ಅರವತ್ತು ಬರೆ ಎಂದೆ. ಮರುದಿನ ಮಗಳು ಇಷ್ಟುದ್ದದ ಕೆಂಪು ಗೀಟು ಹೊತ್ತು ಅಳುತ್ತ ಬಂದಳು. ಬರುವ ದಾರಿಯಲ್ಲೇ ಆ ನೋಟ್‌ಬುಕ್ಕನ್ನು ಗುಣವತಿ ನೋಡಿಯಾಗಿತ್ತು.

“ನೀವು ಬೇಲಿ ಅಳೆದಿದ್ದೀರಿ ಸುಂದರಕ್ಕ, ಹೊಲ ಅಳೆದಿಲ್ಲ” ಎಂದಳು ನಗುತ್ತ.

ಅವಳ ನಗುವಿನಲ್ಲಿ ಕೊಂಕಿರಲಿಲ್ಲ. ಕೊಂಕಿದ್ದಿದ್ದರೆ ಜಗಳವಾಡಿ ಹಗುರಾಗುತ್ತಿದ್ದೆ.

ಅಂದಿನಿಂದ ಶಿವದೇವಿ ಅವಳ ಪಾಲಾದಳು. ಗುಣವತಿ ಹಳೆಯ ಪೇಪರುಗಳನ್ನು ಒಂದಡಿ ಉದ್ದ, ಒಂದಡಿ ಅಗಲಕ್ಕೆ ಕತ್ತರಿಸಿ ರಾಶಿ ಹಾಕಿದ್ದಳು. ಮಕ್ಕಳು ಅವನ್ನು ನೆಲದ ಮೇಲೆ ಸಂದಿಲ್ಲದ ಹಾಗೆ ಹಾಸಬೇಕು. ಒಂದು ಸಾಲಿಗೆ ಎಷ್ಟು ಹಾಳೆ, ಅಂಥ ಸಾಲು ಎಷ್ಟು ಎಂದು ಕೇಳುವಳು. ಗುಣಿಸಿ ಎಂದು ಅವಳು ಹೇಳುವ ಮೊದಲೇ ಮಕ್ಕಳು ಗುಣಿಸಿಬಿಡುತ್ತಿದ್ದವು. ನನ್ನ ಮಗಳು ಮನೆಗೆ ಬಂದರೆ ಬಾಯಿ ತುಂಬ ಗುಣಾ ಕಾಕು. ಕಾಕು ಎಂದರೆ ನಮ್ಮ ಕಡೆ ಚಿಕ್ಕಮ್ಮ. ಗುಣಾ ಕಾಕು ಹೀಂಗ ಹೇಳಿದ್ರು, ಗುಣಾ ಕಾಕೂ ಕೈಯಾಗಿನ ಚಿತ್ರಾನ್ನ ಹಾಂಗಿತ್ತು. ನಾನು ಬೆಳಿಗ್ಗೆ ಬಡಿದ ಜೋಳದ ರೊಟ್ಟಿ ಬುಟ್ಟಿಯಲ್ಲೇ ಸೆಟೆದು ಕೂತಿರುತ್ತಿತ್ತು. ಹಿತ್ತಲ ಗಿಡ ಮದ್ದಲ್ಲ ಎಂದು ನುಂಗಿಕೊಂಡೆ. ನುಂಗಿದ್ದು ಕರಗಲಿಲ್ಲ.

ಒಂದು ಭಾನುವಾರ ಅಪ್ಪನ ಜೊತೆ ಬೂಟು ತರಲು ಅವಳು ಸುಲ್ತಾನ್ ಬಜಾರಿಗೆ ಹೋಗಿದ್ದಾಗ ಅವಳ ಚೀಲ ಜಾಲಾಡಿದೆ. ಸೋಮವಾರ ಟೀಚರಿಗೆ ತೋರಿಸಬೇಕಾದ ಹೋಮ್‌ವರ್ಕು ಸಿಕ್ಕಿತು. ನಿಮ್ಮ ಮನೆಯ ಮುಂದಿನ ಕೋಣೆಯನ್ನು ಅಳೆದು ಕ್ಷೇತ್ರಫಲ ಬರೆಯಿರಿ ಎಂದು ಇಂಗ್ಲಿಷಿನಲ್ಲಿತ್ತು. ಅಷ್ಟು ಇಂಗ್ಲಿಷು ನನಗೆ ಬರುತ್ತಿತ್ತು. ಕೆಳಗೆ ಗುಂಡಗಿನ ಅಕ್ಷರದಲ್ಲಿ ‘ಮೈ ಹೌಸ್’ ಎಂದು ಬರೆದು ಉದ್ದ ಹನ್ನೆರಡು ಅಡಿ, ಅಗಲ ಹನ್ನೆರಡು ಅಡಿ, ಚೌಕ, ನೂರ ನಲವತ್ತನಾಲ್ಕು ಚದರಡಿ ಎಂದು ಉತ್ತರ ಕೊಟ್ಟಿದ್ದಳು.

ನಮ್ಮ ಕೋಣೆ ಚೌಕವೇ? ಗಂಡನ ಟೇಪು ತೆಗೆದು ಮಂಚ ಸರಿಸಿ ಅಳೆದೆ. ಉದ್ದ ಹನ್ನೆರಡು, ಅಗಲ ಹತ್ತು. ಎರಡು ಸಲ ಅಳೆದೆ. ನೂರ ಇಪ್ಪತ್ತು! ಗುಣವತಿ ತಪ್ಪು ಹೇಳಿಕೊಟ್ಟಿದ್ದಾಳೆ! ನನಗಾದ ಸಂತೋಷವನ್ನು ಏನೆಂದು ಹೇಳಲಿ? ಹಬ್ಬಕ್ಕೆ ಹೊಸ ಸೀರೆ ಬಂದಾಗಲೂ ಅಷ್ಟು ಹಿಗ್ಗಿರಲಿಲ್ಲ. ನೋಟ್‌ಬುಕ್ ಹಿಡಿದು, ಪಕ್ಕದ ಮನೆಯ ತುಳಸಾಬಾಯಿಯನ್ನೂ ಬಾ ಎಂದು ಕರೆದುಕೊಂಡು ಕೊನೆಯ ಮನೆಗೆ ನಡೆದೆ.

ಭಾನುವಾರದ ಪಾಠ ನಡೆದಿತ್ತು. ನೆಲದ ತುಂಬ ಪೇಪರು, ಗೋಡೆಗುಂಟ ಏಳೆಂಟು ಮಕ್ಕಳು.

“ಗುಣವತಿಯವರ, ಇದೇನ್ರಿ ಕಲಿಸಾಕತ್ತೀರಿ?” ಎಲ್ಲರಿಗೂ ಕೇಳುವ ಹಾಗೆ ಕೇಳಿದೆ. “ನಮ್ಮ ಖೋಲಿ ಹನ್ನೆರಡಕ್ಕ ಹತ್ತು ಐತಿ. ಈಗ ಟೇಪ್ ಹಿಡಿದು ಅಳದು ಬಂದೀನಿ. ನೀವು ಚೌಕ ಮಾಡಿ ಇಟ್ಟೀರಲ್ಲ!”

ಅವಳು ನೋಟ್‌ಬುಕ್ ಇಸಿದುಕೊಂಡು ಓದಿದಳು. ಓದಿದ್ದು ಮೂರು ಸಾಲು, ನೋಡುತ್ತ ನಿಂತದ್ದು ಬಹಳ ಹೊತ್ತು. ಕಿವಿಯವರೆಗೂ ಕೆಂಪಾದಳು.

“ಹೌದು ಸುಂದರಕ್ಕ” ಎಂದಳು ಮೆಲ್ಲಗೆ. “ತಪ್ಪು ನನ್ನದೇ. ನಾನೇ ಸರಿಯಾಗಿ ಹೇಳಿಕೊಡಲಿಲ್ಲ.”

ತುಳಸಾಬಾಯಿ ಮೂಗಿನ ಮೇಲೆ ಬೆರಳಿಟ್ಟಳು. ಗೆದ್ದೆನೆಂದುಕೊಂಡು ಕೆಳಗೆ ನೋಡಿದೆ. ನನ್ನ ಕಾಲ ಬಳಿ ಪೇಪರಿನ ಚೌಕಗಳಿದ್ದವು. ಕಣ್ಣು ತನ್ನಷ್ಟಕ್ಕೆ ಎಣಿಸಿತು. ಬಾಗಿಲಿಂದ ಗೋಡೆಗೆ ಹನ್ನೆರಡು. ಆ ಗೋಡೆಯಿಂದ ಈ ಗೋಡೆಗೂ ಹನ್ನೆರಡು. ಕೊನೆಯ ಮನೆಯೆಂದು ಉಳಿದ ಎರಡಡಿ ಜಾಗವನ್ನು ಕಟ್ಟಿದವರು ಆ ಕೋಣೆಗೇ ಸೇರಿಸಿದ್ದರು. ಲೆಕ್ಕ ತಪ್ಪಿರಲಿಲ್ಲ. ನನ್ನ ಮಗಳು ತನ್ನ ಮನೆಯೆಂದು ಅಳೆದದ್ದು ಈ ಮನೆಯನ್ನು.

ಗುಣವತಿಗೆ ಅದು ನನಗಿಂತ ಮೊದಲೇ ತಿಳಿದಿತ್ತು. ನನ್ನ ಮಾನ ಉಳಿಸಲು ತನ್ನ ಮೇಲೆ ಹಾಕಿಕೊಂಡಿದ್ದಳು. ಆಗಲೇ ನಾನು ಬಾಯಿ ತೆರೆಯಬಹುದಿತ್ತು. ತೆರೆಯಲಿಲ್ಲ. ನೋಟ್‌ಬುಕ್ ಕಸಿದುಕೊಂಡು ಬಂದುಬಿಟ್ಟೆ.

ಸಂಜೆ ಶಿವದೇವಿಯನ್ನು ಎದುರಿಗೆ ನಿಲ್ಲಿಸಿಕೊಂಡೆ.

“ಟೀಚರು ಯಾರ ಮನಿ ಅಳಿ ಅಂದಿದ್ರು?”

“ನಮ್ಮ ಮನಿ.”

“ನಮ್ಮ ಮನಿ ಯಾವದು? ಇದಲ್ಲೇನು?”

“ಹೂಂ, ಇದೂ” ಎಂದಳು ಹೊಸ ಬೂಟಿನ ಲಾಡಿ ಕಟ್ಟುತ್ತ.

ಹೊಡೆಯಲು ಎತ್ತಿದ ಕೈ ಹಾಗೇ ಇಳಿಯಿತು. ನೂರ ಇಪ್ಪತ್ತು ಎಂದು ತಿದ್ದಿಸಿ, ನಾಳೆಯಿಂದ ಅಲ್ಲಿಗೆ ಹೋಗಕೂಡದು ಎಂದೆ. ಯಾಕೆ ಎಂದು ಅವಳು ಕೇಳಲಿಲ್ಲ. ಗೋಡೆಗೆ ಮುಖ ಮಾಡಿ ಮಲಗಿದಳು.

ತುಳಸಾಬಾಯಿಯ ಬಾಯಿ ಗೊತ್ತಲ್ಲ. ಹತ್ತು ಹನ್ನೆರಡರ ಲೆಕ್ಕವೂ ಬಾರದವಳು ಗಣಿತ ಹೇಳುತ್ತಾಳಂತೆ ಎಂಬ ಮಾತು ಎರಡೇ ದಿನದಲ್ಲಿ ಮೂರು ಸಾಲು ದಾಟಿತು. ಬುಧವಾರ ನಾಲ್ಕು ಮಕ್ಕಳು ಹೋದವು, ಗುರುವಾರ ಎರಡು. ಶುಕ್ರವಾರ ಗುಣವತಿ ಬಾಗಿಲು ತೆರೆದಿಟ್ಟುಕೊಂಡು ಒಬ್ಬಳೇ ಕೂತಿದ್ದಳು. ನಾನು ಆ ಬಾಗಿಲ ಮುಂದೆ ಎರಡು ಸಲ ಹಾದುಹೋಗಿ ನೋಡಿದೆ. ನಾಲ್ಕು ವರ್ಷ ಬಯಸಿದ್ದು ಇದನ್ನೇ. ಮಗಳು ಸಂಜೆಯಿಡೀ ನನ್ನ ಕಣ್ಣೆದುರಿಗಿದ್ದಳು, ಒಂದು ಮಾತೂ ಆಡುತ್ತಿರಲಿಲ್ಲ. ಆ ರಾತ್ರಿಯ ಅನ್ನ ನನಗೆ ಸೇರಲಿಲ್ಲ.

ಶನಿವಾರ ಬೆಳಿಗ್ಗೆ ಹಾಲಿನ ಬೂತಿನ ಮುಂದೆ ಹೆಂಗಸರ ಸಾಲು. ತುಳಸಾಬಾಯಿ ಮತ್ತೆ ಅದೇ ಕಥೆ ಸುರುಮಾಡಿದಳು. ಗುಣವತಿ ನನ್ನ ಹಿಂದೆ ನಾಲ್ಕನೆಯವಳಾಗಿ ಬುಟ್ಟಿ ಹಿಡಿದು ನಿಂತಿದ್ದಳು.

“ಸುಮ್ನಿರ ತುಳಸಾಬಾಯಿ” ಎಂದೆ. “ಆಕಿ ಲೆಕ್ಕ ಖರೇ ಐತಿ. ಆಕಿ ಖೋಲಿ ಹನ್ನೆರಡಕ್ಕ ಹನ್ನೆರಡು. ನನ್ನ ಮಗಳು ತನ್ನ ಮನಿ ಅಂತ ಅಳದಿದ್ದು ಆಕಿ ಮನೀನ. ನನಗ ಅವತ್ತೇ ಗೊತ್ತಾಗಿತ್ತು, ಹೊಟ್ಟಿಕಿಚ್ಚಿಗೆ ಬಾಯಿ ಮುಚ್ಚಿಕೊಂಡಿದ್ನಿ.”

ಹಾಲಿನವನು ಪಾಕೀಟು ಹಿಡಿದ ಕೈ ಹಾಗೇ ಇಟ್ಟುಕೊಂಡು ನಿಂತ. ನನ್ನ ಸರದಿ ಬರುವ ಮೊದಲೇ ಮನೆಗೆ ಬಂದೆ. ಅವತ್ತು ಕರಿ ಚಹಾ.

ಸಂಜೆ ಗುಣವತಿ ನಮ್ಮ ಹೊಸ್ತಿಲಲ್ಲಿ ನಿಂತಳು.

“ಎಲ್ಲರ ಮುಂದೆ ಹಾಗೆ ಹೇಳಬಾರದಿತ್ತು ಸುಂದರಕ್ಕ.”

“ಇದ್ದದ್ದು ಹೇಳಿದ್ನಿ. ನೀವ್ಯಾಕ ತಪ್ಪು ನಂದು ಅಂದ್ರಿ? ನನ್ನ ಮ್ಯಾಲೆ ಕನಿಕರ ಬಂತೇನು?”

ಅವಳು ಸೆರಗಿನ ತುದಿ ಸುತ್ತಿದಳು, ಬಿಚ್ಚಿದಳು.

“ಕನಿಕರ ಅಲ್ಲ. ನೋಟ್‌ಬುಕ್ಕಲ್ಲಿ ‘ಮೈ ಹೌಸ್’ ಅಂತ ಓದಿದಾಗ ನನಗೆ ಎಷ್ಟು ಖುಷಿಯಾಯ್ತು ಗೊತ್ತಾ? ನೀವು ಎದುರಿಗೇ ನಿಂತಿದ್ದಿರಿ, ಆದರೂ ಖುಷಿಯಾಯ್ತು. ಕದ್ದು ಸಿಕ್ಕಿಬಿದ್ದ ಹಾಗಾಯ್ತು. ಅದಕ್ಕೇ ತಪ್ಪು ನನ್ನದು ಅಂದೆ.”

ನನಗೆ ಕೆಟ್ಟ ಸಿಟ್ಟು ಬಂತು. ನನ್ನ ಹೊಟ್ಟೆಯಲ್ಲಿ ಹುಟ್ಟಿದವಳು, ಇವಳಿಗೆ ಖುಷಿಯಂತೆ. ಒಳಗಿಂದ ಶಿವದೇವಿ ಬಂದು ನಮ್ಮಿಬ್ಬರ ನಡುವೆ ನಿಂತಳು. ಗುಣವತಿ ಅವಳ ಕಡೆ ಕೈ ಚಾಚಲಿಲ್ಲ, ಬೇಕೆಂದೇ ಬೇರೆ ಕಡೆ ನೋಡುತ್ತಿದ್ದಳು. ಆ ಕೈಯನ್ನು ಇನ್ನೊಂದು ಕೈಯಿಂದ ಎಷ್ಟು ಬಿಗಿಯಾಗಿ ಹಿಡಿದುಕೊಂಡಿದ್ದಳು ಎಂದರೆ ಬಳೆ ಮಣಿಕಟ್ಟಿಗೆ ಒತ್ತಿತ್ತು.

“ಹೋಗು” ಎಂದೆ ಮಗಳಿಗೆ. “ಪುಸ್ತಕ ತಗೊಂಡು ಹೋಗು. ಎಂಟಕ್ಕ ಊಟಕ್ಕ ಬಾ.”

ಇಬ್ಬರೂ ಕೈ ಹಿಡಿದುಕೊಂಡು ಹೋದರು. ನಾನು ಎಂಟು ಹೊಡೆಯುವವರೆಗೂ ಗಡಿಯಾರ ನೋಡುತ್ತ ಕೂತಿದ್ದೆ.