ಕಟ್ಟಕಡೆಯ ತಂಡಕ್ಕೆ ಎರವಲು

ಪುಣೆಯ ಮಹಿಳಾ ಫುಟ್‌ಬಾಲ್ ಕ್ಲಬ್ಬೊಂದಕ್ಕೆ ಸೇರಿದ ಮೇಲೆ ರೇಣು ಎರಡು ವರ್ಷ ಬೆಂಚಿನ ಮೇಲೆಯೇ ಕುಳಿತಳು. ಬೇರೆ ಆಟಗಾರ್ತಿ ದಣಿದರೆ ಬದಲಿಯವಳಿಗೆ ಕಡೆಯ ಹತ್ತು ನಿಮಿಷವಾದರೂ ಸಿಗುತ್ತದೆ. ಅವಳಂಥ ಗೋಲ್‌ಕೀಪರ್‌ಗೆ ಆ ಭಾಗ್ಯವಿಲ್ಲ. ಮೊದಲಿನವಳು ಗಟ್ಟಿಯಾಗಿದ್ದರೆ ಎರಡನೆಯವಳು ಕೈಗವಸು ಹಾಕಿಕೊಂಡು ಚಪ್ಪಾಳೆ ತಟ್ಟಬೇಕು, ಅಷ್ಟೆ.

ಮೂರನೆಯ ವರ್ಷ ಲೀಗ್ ಶುರುವಾಗುವ ಮೊದಲು ಕೋಚ್ ಮಧುಕರ್ ಕರೆದರು. ಬೆಳಗಾವಿಯವರು, ಸುತ್ತುಬಳಸಿ ಮಾತಾಡುವವರಲ್ಲ.

"ಈ ಸೀಸನ್ ನಿನ್ನ ದೌಂಡದ ಟೀಮಿಗೆ ಲೋನ್ ಮ್ಯಾಲೆ ಕಳಸ್ತೀನಿ."

"ಸರ್, ಅದು ಕೆಳಗಿನ ಡಿವಿಜನ್‌ನಾಗೂ ಕಟ್ಟಕಡೀ ಟೀಮ್ ಅಲ್ರಿ?"

"ಅದಕ್ಕs ಕಳಸಾಕತ್ತೀನಿ. ಇಲ್ಲಿ ಒಂದು ಸೀಸನ್ನಿನಾಗ ಗೋಲಿಗೆ ಬರೋ ಚೆಂಡು, ಅಲ್ಲಿ ಎರಡು ಮ್ಯಾಚಿನಾಗ ಬರ್ತಾವ."

ಅಪ್ಪ ಶಿವರುದ್ರಪ್ಪನವರು ಪುಣೆಯ ಭವಾನಿ ಪೇಠೆಯಲ್ಲಿ ಬೆಲ್ಲದ ವ್ಯಾಪಾರಿ. ಸುದ್ದಿ ಕೇಳಿ ಸಿಟ್ಟಾದರು. "ಎರವಲು ಕೊಡಾಕ ನೀ ಏನು ತಕ್ಕಡಿ ಏನವಾ?"

ಅವ್ವ ಚನ್ನಬಸವ್ವ ಖಡಕ್ ರೊಟ್ಟಿ, ಶೇಂಗಾ ಚಟ್ನಿ ಕಟ್ಟುತ್ತಲೇ ಹೇಳಿದಳು: "ಇಲ್ಲಿ ಕೂಡಿಸಿ ಇಟ್ಕೊಳ್ಳೋದಕಿಂತ ಅಲ್ಲಿ ಆಡಾಕ ಕಳಸೋದು ಚಲೋ ಅಲ್ಲೇನ್ರಿ?"

ದೌಂಡದಲ್ಲಿ ತಂಡದ ನಾಯಕಿ ರಕ್ಷಿತ ತನ್ನ ರೈಲ್ವೆ ಕ್ವಾರ್ಟರ್ಸಿನಲ್ಲೇ ರೇಣುವಿಗೆ ಜಾಗ ಕೊಟ್ಟಳು. ಕಲಬುರಗಿಯವಳು, ರೈಲ್ವೆ ಕಚೇರಿಯಲ್ಲಿ ಗುಮಾಸ್ತೆ. ಅವಳ ತಂಡದಲ್ಲಿ ಒಬ್ಬಳು ನರ್ಸು, ಇನ್ನೊಬ್ಬಳು ಕಬ್ಬಿಗೆ ನೀರು ಬಿಟ್ಟು ನೇರ ಮೈದಾನಕ್ಕೆ ಬರುವ ಎರಡು ಮಕ್ಕಳ ತಾಯಿ. ಮೈದಾನವೋ ಬಂಡೆ; ಒಮ್ಮೆ ಹಾರಿ ಬಿದ್ದರೆ ಮೊಣಕೈಯ ತೊಗಲು ಕಿತ್ತು ಬರುತ್ತಿತ್ತು.

ಮೊದಲ ಪಂದ್ಯದಲ್ಲಿ ರೇಣು ಆರು ಗೋಲು ಬಿಟ್ಟಳು. ಆಟ ಮುಗಿದ ಮೇಲೂ ಗೋಲುಕಂಬಕ್ಕೆ ಒರಗಿ ಕುಳಿತೇ ಇದ್ದಳು. ಬೈಗುಳ ಬರುತ್ತದೆಂದುಕೊಂಡಿದ್ದಳು. ರಕ್ಷಿತ ಬಂದು ಪಕ್ಕದಲ್ಲಿ ಕುಳಿತಳು.

"ಕೈ ಚಲೋ ಅದಾವ ನಿನ್ನವು. ಬಾಯಿ ಎಲ್ಲಿ ಹೋಗೇದ? ನಮಗ ಬೆನ್ನಾಗ ಕಣ್ಣಿಲ್ಲ. ಹಿಂದ ನಿಂತಾಕಿ ನೀ. ನಿನಗ ಎಲ್ಲಾ ಕಾಣ್ತದ. ನೀ ಹೇಳು, ನಾವು ಹಂಗs ಮಾಡ್ತೀವಿ."

ತನಗಿಂತ ಹತ್ತು ವರ್ಷ ದೊಡ್ಡವರಿಗೆ ಅಪ್ಪಣೆ ಕೊಡುವುದು ರೇಣುವಿಗೆ ಸುಲಭವಾಗಲಿಲ್ಲ. ಮೊದಮೊದಲು ಅವಳ ದನಿ ಅವಳ ಕಾಲಬುಡ ದಾಟುತ್ತಿರಲಿಲ್ಲ. ದೀಪಾವಳಿ ಕಳೆಯುವ ಹೊತ್ತಿಗೆ ಮರಾಠಿ, ಕನ್ನಡ ಎರಡನ್ನೂ ಕಲಸಿ ಅವಳು ಕೂಗುವುದು ಸ್ಟೇಷನ್ನಿನವರೆಗೆ ಕೇಳುತ್ತದೆಂದು ನರ್ಸು ನಗುತ್ತಿದ್ದಳು. ದೌಂಡ ಆಗಲೂ ಸೋಲುತ್ತಿತ್ತು. ಆದರೆ ಆರು ಗೋಲು ಮೂರಾಯಿತು, ಮೂರು ಒಂದಾಯಿತು. ನಡುವೆ ಎರಡು ಪಂದ್ಯ ಗೆದ್ದೂಬಿಟ್ಟರು.

ಕಡೆಯ ಪಂದ್ಯದ ವಾರದಲ್ಲಿ ಮಧುಕರ್ ಫೋನ್ ಮಾಡಿದರು. ಕ್ಲಬ್ಬಿನ ಮೊದಲ ಕೀಪರ್ ಬೆರಳು ಮುರಿದುಕೊಂಡಿದ್ದಳು. "ಶನಿವಾರ ಬಂದುಬಿಡು. ರವಿವಾರ ಇಲ್ಲಿ ನೀನs ಆಡೋದು."

ಎರಡು ವರ್ಷ ಅವಳು ಕಾದಿದ್ದು ಇದೇ ಮಾತಿಗೆ. ಆದರೆ ಆ ರವಿವಾರವೇ ದೌಂಡದ ಪಂದ್ಯ. ಸೋತರೆ ತಂಡ ಇನ್ನೂ ಕೆಳಗಿನ ಡಿವಿಜನ್ನಿಗೆ ಬೀಳುತ್ತಿತ್ತು; ಸಮವಾದರೂ ಉಳಿಯುತ್ತಿತ್ತು.

"ಸರ್, ಈ ಒಂದು ರವಿವಾರ ಬಿಡ್ರಿ. ಅಲ್ಲಿ ಮೂರನೇ ಕೀಪರ್ ಶಾಲಿನಿ ಅದಾಳಲ್ರಿ. ಆಕೀನೂ ಆಡಲಾರದs ಕುಂತಾಳ, ನನ್ನಂಗ."

"ಸೋತು ಬಂದ್ರ?"

"ಸೋತ್ರೂ ನಾನs ನಿಂತು ಸೋಲ್ತೀನ್ರಿ."

ಆ ಕಡೆಯಿಂದ ನಗು ಕೇಳಿಸಿತು. "ಇಷ್ಟು ಮಾತು ಯಾವಾಗ ಕಲ್ತಿ? ಆತು, ಆಡಿ ಬಾ."

ಪಂದ್ಯ ಮುಗಿಯಲು ಬಂದರೂ ಎರಡೂ ಕಡೆ ಗೋಲಿಲ್ಲ. ಎದುರಾಳಿಗೆ ಕಾರ್ನರ್ ಸಿಕ್ಕಿತು. ಚೆಂಡು ಗೋಲಿನ ಮುಂದಿನ ಗುಂಪಿನ ಮೇಲೆ ಬಾಗಿ ಬಂತು. "ಸೋಡಾ! ಮಾಝಾ!" ಬಿಡ್ರಿ, ನನ್ನದು ಎಂದು ರೇಣು ಮರಾಠಿಯಲ್ಲಿ ಕೂಗಿದಳು. ದೌಂಡದವರೆಲ್ಲ ಒಂದೇಟಿಗೆ ತಲೆ ಬಗ್ಗಿಸಿದರು. ಅವಳು ಅವರ ಮೇಲೆ ಹಾರಿ ಎರಡೂ ಕೈಯಲ್ಲಿ ಚೆಂಡನ್ನು ಬಾಚಿಕೊಂಡಳು. ಸೊನ್ನೆ–ಸೊನ್ನೆ. ದೌಂಡ ಉಳಿಯಿತು. ಕಪ್ ಗೆದ್ದವರಂತೆ ಅವಳನ್ನು ಎತ್ತಿಕೊಂಡು ಕುಣಿದರು.

ಮುಂದಿನ ವಾರ ರೇಣು ಪುಣೆಯ ಗೋಲಿನಲ್ಲಿ ನಿಂತಳು. ಒಂದು ಗೋಲು ಬಿಟ್ಟಳು, ಅದಕ್ಕಿಂತ ಕಷ್ಟದ ನಾಲ್ಕನ್ನು ತಡೆದಳು. ಕ್ಲಬ್ ಎರಡು–ಒಂದರಿಂದ ಗೆದ್ದಿತು. ದೌಂಡದ ಹೆಂಗಸರು ಬೆಳಗಿನ ರೈಲಿಗೆ ಬಂದು ಒಂದಿಡೀ ಸಾಲು ಹಿಡಿದಿದ್ದರು. ಇಷ್ಟು ಕೂಗುತ್ತೀರಲ್ಲ, ಪುಣೆ ಕ್ಲಬ್ಬಿನವರೇ ಎಂದು ಯಾರೋ ಕೇಳಿದರು.

"ಅಲ್ರಿ, ದೌಂಡ," ಎಂದಳು ರಕ್ಷಿತ. "ಆ ಕೀಪರ್ ನಮ್ಮಾಕಿ!"

ಮುಂದಿನ ಸಾಲಿನಲ್ಲಿದ್ದ ಶಿವರುದ್ರಪ್ಪ ತಿರುಗಿ ನೋಡಿದರು. ಎದ್ದು ನಿಂತು ಕೈಮುಗಿದರು.

"ಹೌದ್ರಿ ತಾಯಿ, ನಿಮ್ಮಾಕೀನs," ಎಂದರು. "ನಾ ಆಕಿ ಅಪ್ಪ."